ಪ್ರೌಢಶಾಲೆಯ ಮಗುವಿಗೆ ಸಂಶೋಧನೆಯ ದಾರಿ ತೋರಿಸುವುದು ಹೇಗೆ?

ಜೂನ್‌ನಲ್ಲಿ ಶಾಲೆಗಳು ಆರಂಭವಾಗಿ ಎರಡು ಮೂರು ವಾರ ಕಳೆಯುವಷ್ಟರಲ್ಲಿ ಒಂದು ಮಾತು ತಪ್ಪದೆ ನನ್ನ ಕಿವಿಗೆ ಬೀಳುತ್ತದೆ: "ಸರ್, ನಮ್ಮ ಹುಡುಗ ಬಹಳ ಚುರುಕು. ಅವನಿಗೊಂದು ಒಳ್ಳೆಯ ಪ್ರಾಜೆಕ್ಟ್ ಕೊಡಿ." ಇದನ್ನು ಒಮ್ಮೊಮ್ಮೆ ತಂದೆತಾಯಿ ಹೇಳುತ್ತಾರೆ, ಒಮ್ಮೊಮ್ಮೆ ಮುಖ್ಯೋಪಾಧ್ಯಾಯರು ಹೇಳುತ್ತಾರೆ, ಕೆಲವು ಸಲ ಮಗುವೇ ಬಂದು ನಿಲ್ಲುತ್ತದೆ. ಆ ವಾಕ್ಯದ 'ಕೊಡಿ' ಎಂಬ ಪದದಲ್ಲೇ ತೊಡಕಿದೆ. ವಿಷಯ, ಸಾಮಗ್ರಿ, ಪುಸ್ತಕ, ಪ್ರಯೋಗಾಲಯದ ಒಂದು ಮೂಲೆ ಇವೆಲ್ಲವನ್ನೂ ಕೊಡಬಹುದು. ರಾತ್ರಿ ಮಲಗುವಾಗಲೂ ತಲೆಯಲ್ಲಿ ಸುಳಿಯುವಂಥ ಒಂದು ಪ್ರಶ್ನೆಯನ್ನು ಮಾತ್ರ ಹೊರಗಿನಿಂದ ಕೊಡಲು ಬರುವುದಿಲ್ಲ. ಅದು ಮಗುವಿನಲ್ಲೇ ಹುಟ್ಟಬೇಕು, ಹುಟ್ಟಿದ ಮೇಲೆ ಅದು ಬಾಡದಂತೆ ನೋಡಿಕೊಳ್ಳುವುದು ಮಾರ್ಗದರ್ಶಕರ ಕೆಲಸ.

ಎಂಟರಿಂದ ಹನ್ನೆರಡನೆಯ ತರಗತಿಯವರೆಗಿನ ಪ್ರತಿಭಾವಂತ ಮಕ್ಕಳಿಗೆ ಸಂಶೋಧನೆಯಲ್ಲಿ ಮಾರ್ಗದರ್ಶನ ಮಾಡಲು ಒಪ್ಪಿಕೊಂಡಿರುವ ಶಾಲಾ ಶಿಕ್ಷಕರು, ಪದವಿ ಕಾಲೇಜುಗಳ ಅಧ್ಯಾಪಕರು ಮತ್ತು ಪಿಎಚ್‌.ಡಿ. ಮಾಡುತ್ತಿರುವ ಯುವಕ ಯುವತಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನನ್ನ ಉದಾಹರಣೆಗಳು ವಿಜ್ಞಾನದವು. ಆದರೆ ಊರಿನ ವೀರಗಲ್ಲನ್ನು ಓದಲು ಹೊರಟ ಮಗುವಿಗೂ, ತನ್ನ ಅಜ್ಜನ ಕಾಲದ ಬೇಸಾಯದ ಪದಗಳನ್ನು ಕಲೆಹಾಕುವ ಮಗುವಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಯಾವ ಮಗು, ಯಾವ ವರ್ಷ

ಅಂಕಪಟ್ಟಿಯನ್ನು ನೋಡಿ ಮಗುವನ್ನು ಆರಿಸಬೇಡಿ. ನೂರಕ್ಕೆ ತೊಂಬತ್ತೆಂಟು ಪಡೆಯುವ ಮಕ್ಕಳಲ್ಲಿ ಹಲವರು ಉತ್ತರ ಗೊತ್ತಿರುವ ಪ್ರಶ್ನೆಗಳಿಗೆ ಎಷ್ಟು ಒಗ್ಗಿಕೊಂಡಿರುತ್ತಾರೆಂದರೆ, ಉತ್ತರ ಯಾರಿಗೂ ಗೊತ್ತಿಲ್ಲದ ಕಡೆ ಅವರಿಗೆ ಕಾಲೂರಲು ಆಗುವುದಿಲ್ಲ. ಅದು ಅವರ ತಪ್ಪಲ್ಲ, ಅವರಿಗೂ ಈ ಅಭ್ಯಾಸ ಮಾಡಿಸಬಹುದು. ಆದರೆ ಹೆಚ್ಚು ಕಾಲ ಬೇಕಾಗುತ್ತದೆ ಎಂಬುದು ನಿಮಗೆ ಮೊದಲೇ ತಿಳಿದಿರಲಿ.

ನಾನು ಪಾಲಿಸುವ ಕ್ರಮ ಸರಳವಾದದ್ದು. ಆಸಕ್ತಿ ತೋರಿದ ಪ್ರತಿಯೊಂದು ಮಗುವಿಗೂ ಎರಡು ವಾರಗಳ ಒಂದು ಕೆಲಸ ಹೇಳುತ್ತೇನೆ. ದಿನವೂ ಸಂಜೆ ಏಳು ಗಂಟೆಗೆ ಮನೆಯ ಟ್ಯೂಬ್‌ಲೈಟಿನ ಸುತ್ತ ಎಷ್ಟು ಹಲ್ಲಿಗಳಿವೆ ಎಂದು ಎಣಿಸಿ ಬರೆಯಬೇಕು, ಇಲ್ಲವೇ ಅಂಗಳದ ಗಿಡವೊಂದರ ಒಂದೇ ಕೊಂಬೆಯಲ್ಲಿ ಚಿಗುರೆಷ್ಟು, ಮೊಗ್ಗೆಷ್ಟು, ಹೂವೆಷ್ಟು ಎಂದು ಗುರುತುಹಾಕಬೇಕು. ಹದಿನಾಲ್ಕು ದಿನ ಕಳೆದ ಮೇಲೆ ಪುಸ್ತಕ ತರಿಸಿ ನೋಡುತ್ತೇನೆ. ಒಂದು ದಿನವೂ ಖಾಲಿಯಿಲ್ಲದೆ, ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಬರೆದಂತೆ ಕಾಣುವ ಪುಸ್ತಕವನ್ನು ಕಂಡರೆ ನನಗೆ ಸಂತೋಷಕ್ಕಿಂತ ಅನುಮಾನವೇ ಹೆಚ್ಚು. "ಗುರುವಾರ: ಕರೆಂಟ್ ಇರಲಿಲ್ಲ, ಎಣಿಸಲಿಲ್ಲ. ಶನಿವಾರ: ಅತ್ತೆಯ ಮನೆಗೆ ಹೋಗಿದ್ದೆ, ತಮ್ಮ ಎಣಿಸಿದ, ಮೂರು ಎಂದ" ಎಂದು ಬರೆದ ಮಗು ಆಗಲೇ ಅರ್ಧ ದಾರಿ ನಡೆದಿದೆ. ಯಾರ ಎಣಿಕೆ, ಯಾವ ಸ್ಥಿತಿಯಲ್ಲಿ ಮಾಡಿದ್ದು ಎಂಬುದನ್ನು ಯಾರೂ ಕೇಳದೆಯೇ ಬರೆದಿಡುವ ಆ ಪ್ರಾಮಾಣಿಕತೆಯನ್ನು ಆಮೇಲೆ ಕಲಿಸುವುದು ಬಹಳ ಕಷ್ಟ. ಎರಡು ವಾರ ಸಾಲದು ಎನ್ನಿಸಿದರೆ 'ಸೀಸನ್‌ವಾಚ್' ಎಂಬ ನಾಗರಿಕ ವಿಜ್ಞಾನ ಯೋಜನೆಯಲ್ಲಿ ಮಗುವನ್ನು ಸೇರಿಸಿ. ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಅದರ ಎಲೆ, ಹೂವು, ಕಾಯಿಗಳ ಸ್ಥಿತಿಯನ್ನು ದಾಖಲಿಸುವ ಆ ಕೆಲಸಕ್ಕೆ ಖರ್ಚೇನೂ ಇಲ್ಲ, ಮತ್ತು ತನ್ನ ಅಂಗಳದ ಹೊಂಗೆಮರದ ಲೆಕ್ಕ ದೇಶದ ಒಂದು ದೊಡ್ಡ ದಾಖಲೆಯೊಳಗೆ ಸೇರಿತು ಎಂಬ ಅರಿವು ಮಗುವಿನ ನಡಿಗೆಯನ್ನೇ ಬದಲಿಸುತ್ತದೆ.

ವರ್ಷದ ವಿಷಯಕ್ಕೆ ಬಂದರೆ, ಒಂಬತ್ತನೆಯ ತರಗತಿ ಎಲ್ಲಕ್ಕಿಂತ ಅನುಕೂಲ. ಹತ್ತನೆಯ ತರಗತಿಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಎದುರಿಗಿರುತ್ತದೆ, ಪಿಯುಸಿಯಲ್ಲಿ ಸಿಇಟಿ, ನೀಟ್, ಜೆಇಇಗಳ ಕೋಚಿಂಗ್ ಬೆಳಗಿನ ಆರು ಗಂಟೆಯಿಂದಲೇ ಮಗುವನ್ನು ಹಿಡಿದುಕೊಳ್ಳುತ್ತದೆ. 1999ರಲ್ಲಿ ಆರಂಭವಾಗಿ 2022ರಲ್ಲಿ ನಿಂತುಹೋದ, ಭಾರತೀಯ ವಿಜ್ಞಾನ ಸಂಸ್ಥೆ ನಡೆಸುತ್ತಿದ್ದ ಕಿಶೋರ್ ವೈಜ್ಞಾನಿಕ್ ಪ್ರೋತ್ಸಾಹನ್ ಯೋಜನೆ ಎಂಬ ವಿದ್ಯಾರ್ಥಿವೇತನ ಇದ್ದಾಗ, ಸಂಶೋಧನೆಯತ್ತ ಮನಸ್ಸಿದ್ದ ಪಿಯುಸಿ ಮಕ್ಕಳು ಮನೆಯಲ್ಲಿ ತೋರಿಸಿಕೊಳ್ಳಬಹುದಾದ ಒಂದು ಕಾರಣವಾದರೂ ಇತ್ತು. ಈಗ ಆ ಕಾರಣವನ್ನು ನೀವೇ ತಂದೆತಾಯಿಯರಿಗೆ ಬಿಡಿಸಿ ಹೇಳಬೇಕು. ಆದ್ದರಿಂದ ಮೊದಲ ಭೇಟಿಗೇ ಅವರನ್ನು ಕರೆಯಿರಿ. ವಾರಕ್ಕೆ ಎಷ್ಟು ಗಂಟೆ ಹಿಡಿಯುತ್ತದೆ, ಯಾವ ತಿಂಗಳಲ್ಲಿ ಕೆಲಸ ಮುಗಿಯುತ್ತದೆ, ಪರೀಕ್ಷೆಗೆ ಎಷ್ಟು ದಿನ ಮೊದಲು ನೀವು ಮಗುವನ್ನು ಪೂರ್ತಿಯಾಗಿ ಬಿಟ್ಟುಕೊಡುತ್ತೀರಿ ಎಂಬುದನ್ನು ಸ್ಪಷ್ಟವಾಗಿ ಹೇಳಿ. ವಾರಕ್ಕೆ ನಾಲ್ಕು ಗಂಟೆ, ಜುಲೈಯಿಂದ ಡಿಸೆಂಬರ್‌ವರೆಗೆ ಎಂದರೆ ಹೆಚ್ಚಿನ ಮನೆಗಳಲ್ಲಿ ಒಪ್ಪುತ್ತಾರೆ. ಹೆಣ್ಣುಮಗಳಾದರೆ ಸಂಜೆ ಎಷ್ಟು ಗಂಟೆಗೆ ಮನೆ ತಲುಪುತ್ತಾಳೆ, ಕೊನೆಯ ಬಸ್ಸು ಯಾವುದು ಎಂಬುದನ್ನು ನೀವಾಗಿಯೇ ಮೊದಲು ಎತ್ತಿ ಮಾತಾಡಿ. ಬಸ್ಸಿನ ಸಮಯದಿಂದಾಗಿ ನಿಂತುಹೋದ ಕೆಲಸಗಳನ್ನು ನಾನು ಕಂಡಿದ್ದೇನೆ.

ಪ್ರಶ್ನೆ ಹದವಾಗುವುದು

ಕರಾವಳಿಯ ಒಂದು ಹಳ್ಳಿಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಬಳಿ ತಂದ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಪ್ರಶ್ನೆ ಹದಕ್ಕೆ ಬರುವ ಬಗೆಯನ್ನು ಅದರಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಉದಾಹರಣೆ ನನ್ನಲ್ಲಿಲ್ಲ. ಅವಳು ಮೊದಲು ಬಂದದ್ದು "ಜಾಗತಿಕ ತಾಪಮಾನ ಏರಿಕೆಗೆ ಪರಿಹಾರ" ಎಂಬ ಶೀರ್ಷಿಕೆಯೊಂದಿಗೆ. ನಾನು ಬೇಡ ಎನ್ನಲಿಲ್ಲ, ಮನೆಯಲ್ಲಿ ಬೇಸಿಗೆಯ ಸೆಖೆಗೆ ಏನು ಮಾಡುತ್ತೀರಿ ಎಂದು ಕೇಳಿದೆ. ಅಡುಗೆಮನೆಯ ಮೂಲೆಯಲ್ಲಿ ಮಣ್ಣಿನ ಹೂಜಿ ಇದೆ ಎಂದಳು. ಹೊಸ ಹೂಜಿಯ ನೀರು ಚೆನ್ನಾಗಿ ತಣಿಯುತ್ತದೆ, ಎರಡು ಮೂರು ಬೇಸಿಗೆ ಕಳೆದರೆ ಹೂಜಿ 'ಸತ್ತು ಹೋಗುತ್ತದೆ' ಎಂದು ಅವಳ ಅಜ್ಜಿ ಹೇಳುತ್ತಾರಂತೆ. ರಾಯಚೂರಿನ ಕಡೆಗೆ ಮದುವೆಯಾಗಿ ಹೋದ ಚಿಕ್ಕಮ್ಮ, ನಿಮ್ಮ ಊರಿನ ಹೂಜಿ ಹೊಸದಿರಲಿ ಹಳೆಯದಿರಲಿ ನಮ್ಮೂರಿನ ಹೂಜಿಯಷ್ಟು ತಣಿಸುವುದೇ ಇಲ್ಲ ಎನ್ನುತ್ತಾರಂತೆ. ಅಂದರೆ ಒಂದು ಮನೆಯೊಳಗೆ ಎರಡು ಊಹೆಗಳು, ಎರಡನ್ನೂ ಯಾರೂ ಅಳೆದು ನೋಡಿರಲಿಲ್ಲ.

"ಹೂಜಿಯ ನೀರು ಏಕೆ ತಂಪು?" ಎಂಬುದಕ್ಕೆ ಪಠ್ಯಪುಸ್ತಕದಲ್ಲೇ ಉತ್ತರವಿದೆ: ಮಣ್ಣಿನ ರಂಧ್ರಗಳಿಂದ ಜಿನುಗುವ ನೀರು ಆವಿಯಾಗುವಾಗ ಉಳಿದ ನೀರಿನ ಶಾಖವನ್ನು ಒಯ್ಯುತ್ತದೆ. ಅದನ್ನೇ ಮತ್ತೆ ಮಾಡಿ ತೋರಿಸುವುದು ಪ್ರಾತ್ಯಕ್ಷಿಕೆ, ಸಂಶೋಧನೆಯಲ್ಲ. "ಹಳೆಯ ಹೂಜಿ ಹೊಸದಕ್ಕಿಂತ ಕಡಿಮೆ ತಣಿಸುತ್ತದೆಯೇ, ಹಾಗಿದ್ದರೆ ಎಷ್ಟು ಡಿಗ್ರಿ?" ಎಂಬುದು ಬೇರೆ ಜಾತಿಯ ಪ್ರಶ್ನೆ. ಅದನ್ನು ನಮ್ಮಲ್ಲಿರುವ ಥರ್ಮಾಮೀಟರಿನಿಂದಲೇ ಅಳೆಯಬಹುದು. ಹೌದು ಎಂಬ ಉತ್ತರ ಬಂದರೂ ಇಲ್ಲ ಎಂಬ ಉತ್ತರ ಬಂದರೂ ಅಜ್ಜಿಗೆ ಹೇಳಲು ಏನೋ ಇರುತ್ತದೆ. ಡಿಸೆಂಬರಿನೊಳಗೆ ಮುಗಿಸಬಹುದು. ಪ್ರಶ್ನೆಯೊಂದು ಈ ಮೂರನ್ನೂ ದಾಟಿದರೆ ಮಾತ್ರ ಮುಂದಿನ ಹೆಜ್ಜೆ ಇಡಿ. ಮೂರರಲ್ಲಿ ಹೆಚ್ಚು ಮಕ್ಕಳು ಎಡವುವುದು ಎರಡನೆಯದರಲ್ಲಿ. ತನಗೆ ಬೇಕಾದ ಉತ್ತರ ಬಂದರೆ ಮಾತ್ರ ಅರ್ಥವಿರುವ ಪ್ರಶ್ನೆಯನ್ನು ಹಿಡಿದ ಮಗು, ತನಗೇ ಅರಿವಿಲ್ಲದೆ ಆ ಉತ್ತರದತ್ತ ಅಳತೆಗಳನ್ನು ಬಾಗಿಸತೊಡಗುತ್ತದೆ.

ಈ ಹಂತದಲ್ಲಿ ಮಾರ್ಗದರ್ಶಕರಿಗೆ ಒಂದು ಕಠಿಣ ಪರೀಕ್ಷೆಯಿದೆ. ಚಿಕ್ಕಮ್ಮನ ಮಾತಿನ ಹಿಂದಿರುವ ವಿಜ್ಞಾನ ನನಗೆ ಗೊತ್ತಿತ್ತು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆವಿಯಾಗುವಿಕೆ ತಗ್ಗುತ್ತದೆ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣತೆಗಿಂತ ಕೆಳಕ್ಕೆ ಹೂಜಿಯ ನೀರು ಇಳಿಯಲಾರದು, ಕರಾವಳಿಯಲ್ಲಿ ಆ ಉಷ್ಣತೆಯೇ ಎತ್ತರದಲ್ಲಿರುತ್ತದೆ. ಇದನ್ನು ಎರಡು ನಿಮಿಷದಲ್ಲಿ ಹೇಳಿಬಿಡಬಹುದಿತ್ತು, ಹೇಳಿದ್ದರೆ ಅಲ್ಲಿಗೆ ಆ ಪ್ರಶ್ನೆ ನನ್ನದಾಗಿಬಿಡುತ್ತಿತ್ತು. ಹೇಳುವ ಬದಲು, ಹೊರಗೆ ಹರವಿದ ಬಟ್ಟೆ ಒಣಗದ ದಿನ ಹೂಜಿಯ ನೀರು ಹೇಗಿರುತ್ತದೆ ಎಂದು ಕೇಳಿ ಸುಮ್ಮನಾದೆ. ಎರಡು ವಾರಗಳ ನಂತರ ಅವಳು ಪುಸ್ತಕದಲ್ಲಿ ಹೊಸದೊಂದು ಕಂಬಸಾಲು ಸೇರಿಸಿಕೊಂಡು ಬಂದಿದ್ದಳು: "ಅಮ್ಮನ ಸೀರೆ ಒಣಗಲು ಹಿಡಿದ ಗಂಟೆ." ತೇವಾಂಶವನ್ನು ಅಳೆಯುವ ಉಪಕರಣವನ್ನು ಅವಳು ತನ್ನ ಅಂಗಳದಲ್ಲೇ ಕಟ್ಟಿಕೊಂಡಿದ್ದಳು. ಒದ್ದೆ ಬಟ್ಟೆಯ ಥರ್ಮಾಮೀಟರಿನ ಮಾತನ್ನು ನಾನು ತೆಗೆದದ್ದು ಅದಾದ ಮೇಲೆಯೇ.

ಚಿಕ್ಕ ಪ್ರಶ್ನೆಯೆಂದರೆ ಹಗುರವಾದ ಪ್ರಶ್ನೆ ಎಂದು ತಂದೆತಾಯಿಯರು ಭಾವಿಸಿದರೆ ಅವರಿಗೆ ಎಮಿಲಿ ರೋಸಾ ಎಂಬ ಅಮೆರಿಕದ ಹುಡುಗಿಯ ಕಥೆ ಹೇಳಿ. ರೋಗಿಯ ದೇಹವನ್ನು ಮುಟ್ಟದೆಯೇ ಅದರ ಸುತ್ತಲಿನ ಶಕ್ತಿಯನ್ನು ಅಂಗೈಯಿಂದ ಗ್ರಹಿಸಿ ಗುಣಪಡಿಸುತ್ತೇವೆ ಎನ್ನುವ ಚಿಕಿತ್ಸಕರು ಅಲ್ಲಿ ಬಹಳ ಮಂದಿ ಇದ್ದರು. ಒಂಬತ್ತು ವರ್ಷದ ಎಮಿಲಿ ತನ್ನ ಶಾಲೆಯ ವಿಜ್ಞಾನ ಮೇಳಕ್ಕಾಗಿ ಕೇಳಿದ್ದು ಒಂದೇ ಮಾತು: ಕಣ್ಣಿಗೆ ಕಾಣದಿದ್ದರೆ, ನನ್ನ ಕೈ ನಿಮ್ಮ ಯಾವ ಕೈಯ ಮೇಲಿದೆ ಎಂದು ಹೇಳಬಲ್ಲಿರಾ? ನಡುವೆ ಒಂದು ರಟ್ಟಿನ ಅಡ್ಡಪರದೆ, ಅದರ ತೂತುಗಳಲ್ಲಿ ಚಿಕಿತ್ಸಕರ ಎರಡು ಕೈಗಳು, ಎಡವೋ ಬಲವೋ ಎಂದು ತೀರ್ಮಾನಿಸಲು ಒಂದು ನಾಣ್ಯ, ಪ್ರಯೋಗಕ್ಕೆ ಬೇಕಾದದ್ದು ಇಷ್ಟೇ. 21 ಮಂದಿ ಚಿಕಿತ್ಸಕರೊಡನೆ ನಡೆದ 280 ಸುತ್ತುಗಳಲ್ಲಿ 123 ಸಲ ಮಾತ್ರ ಉತ್ತರ ಸರಿಯಾಗಿತ್ತು. ಶೇಕಡಾ 44 ಎಂದರೆ, ಸುಮ್ಮನೆ ಊಹಿಸಿ ಹೇಳಿದ್ದರೆ ಬರಬೇಕಿದ್ದ ಐವತ್ತಕ್ಕಿಂತಲೂ ಕಡಿಮೆ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕದಲ್ಲಿ ಅದು ಪ್ರಕಟವಾದಾಗ ಅವಳಿಗೆ ಹನ್ನೊಂದು ವರ್ಷ. ನಾಣ್ಯ ಚಿಮ್ಮಿಸಿದ್ದು ಏಕೆ, ಅವಳೇ ಮನಸ್ಸಿಗೆ ಬಂದಂತೆ ಕೈ ಬದಲಿಸಿದ್ದರೆ ಏನಾಗುತ್ತಿತ್ತು ಎಂದು ಮಕ್ಕಳನ್ನು ಕೇಳಿ. ಆ ಒಂದು ಚರ್ಚೆಯಲ್ಲಿ ಅವರು ಪ್ರಯೋಗದ ವಿನ್ಯಾಸದ ಬಗ್ಗೆ ಒಂದು ಇಡೀ ಅಧ್ಯಾಯದಷ್ಟು ಕಲಿಯುತ್ತಾರೆ.

ಓದು ಮತ್ತು ಭಾಷೆ

ಮಗುವಿನ ಪ್ರಶ್ನೆಯನ್ನು ಬೇರೆ ಯಾರಾದರೂ ಕೇಳಿದ್ದಾರೆಯೇ ಎಂದು ಹುಡುಕುವುದು ಅಗತ್ಯವೇ. ಆದರೆ ಹದಿನಾಲ್ಕು ವರ್ಷದ ಮಗುವಿನ ಮುಂದೆ ಇಪ್ಪತ್ತು ಸಂಶೋಧನಾ ಲೇಖನಗಳನ್ನು ಸುರಿದರೆ ಅದು ಹೆದರಿ ಓಡುತ್ತದೆ. ಒಂದೇ ಒಂದು ಲೇಖನವನ್ನು ಆರಿಸಿ ಜೊತೆಗೆ ಕುಳಿತು ಓದಿ. ಮೊದಲು ಚಿತ್ರಗಳು ಮತ್ತು ಗ್ರಾಫ್‌ಗಳು, ಆಮೇಲೆ ಅವುಗಳ ಕೆಳಗಿನ ಸಾಲುಗಳು, ಆಮೇಲೆ ಸಾರಾಂಶ, ಕೊನೆಯಲ್ಲಿ ಅವರು ಅಳತೆಯನ್ನು ಹೇಗೆ ಮಾಡಿದರು ಎಂಬ ಭಾಗ. ಅರ್ಥವಾಗದ ವಾಕ್ಯದ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗುವುದನ್ನು ಅಭ್ಯಾಸ ಮಾಡಿಸಿ, ಏಕೆಂದರೆ ನಮ್ಮ ಮಕ್ಕಳಿಗೆ ಒಂದು ಸಾಲು ಅರ್ಥವಾಗದಿದ್ದರೆ ಇಡೀ ಪುಟವೇ ತಮಗಲ್ಲ ಎನ್ನಿಸಿಬಿಡುತ್ತದೆ. ಭಾರತೀಯ ವಿಜ್ಞಾನ ಅಕಾಡೆಮಿ ಬೆಂಗಳೂರಿನಿಂದ 1996ರಿಂದ ಪ್ರಕಟಿಸುತ್ತಿರುವ 'ರೆಸೊನೆನ್ಸ್' ಪತ್ರಿಕೆಯ ಸಂಚಿಕೆಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಪಿಯುಸಿ ಮಕ್ಕಳಿಗೆ ಅದು ಒಳ್ಳೆಯ ಮೆಟ್ಟಿಲು. ಅದಕ್ಕಿಂತ ಚಿಕ್ಕವರಿಗೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ'ದ ಹಳೆಯ ಸಂಚಿಕೆಗಳನ್ನು ಹುಡುಕಿಕೊಡಿ.

ಭಾಷೆಯ ವಿಷಯದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಕನ್ನಡ ಮಾಧ್ಯಮದ ಮಗು ಕನ್ನಡದಲ್ಲೇ ಯೋಚಿಸಲಿ, ಪುಸ್ತಕದಲ್ಲಿ ಕನ್ನಡದಲ್ಲೇ ಬರೆಯಲಿ, ವಾದವನ್ನೂ ಕನ್ನಡದಲ್ಲೇ ಮಾಡಲಿ. ಇಂಗ್ಲಿಷ್ ವರದಿ ಬೇಕಾದಾಗ ಕೊನೆಯಲ್ಲಿ ನಿಧಾನವಾಗಿ ಬರೆಯಬಹುದು. ಮೊದಲ ದಿನದಿಂದಲೇ ಇಂಗ್ಲಿಷಿನಲ್ಲಿ ಬರೆಯಬೇಕೆಂದು ಒತ್ತಾಯಿಸಿದರೆ ಮಗು ತಾನು ಕಂಡದ್ದನ್ನು ಬರೆಯುವುದನ್ನು ಬಿಟ್ಟು, ತನಗೆ ಇಂಗ್ಲಿಷಿನಲ್ಲಿ ಬರೆಯಲು ಬರುವುದನ್ನಷ್ಟೇ ಬರೆಯುತ್ತದೆ. ಪಾರಿಭಾಷಿಕ ಪದಗಳನ್ನು ಮಾತ್ರ ಎರಡೂ ಭಾಷೆಗಳಲ್ಲಿ ಪುಸ್ತಕದ ಕೊನೆಯ ಪುಟದಲ್ಲಿ ಸೇರಿಸುತ್ತಾ ಹೋಗಲಿ. 2010ರಲ್ಲಿ ಇಂಗ್ಲೆಂಡಿನ ಬ್ಲ್ಯಾಕಾಟನ್ ಎಂಬ ಹಳ್ಳಿಯ ಪ್ರಾಥಮಿಕ ಶಾಲೆಯ 25 ಮಕ್ಕಳು ದುಂಬಿಗಳು ಬಣ್ಣ ಮತ್ತು ವಿನ್ಯಾಸವನ್ನು ಸೇರಿಸಿ ಹೂವನ್ನು ಆರಿಸಬಲ್ಲವೇ ಎಂದು ಪರೀಕ್ಷಿಸಿ ಬರೆದ ಲೇಖನ 'ಬಯಾಲಜಿ ಲೆಟರ್ಸ್' ಎಂಬ ಗಂಭೀರ ನಿಯತಕಾಲಿಕದಲ್ಲಿ ಮಕ್ಕಳದೇ ಮಾತುಗಳಲ್ಲಿ, ಬಣ್ಣದ ಪೆನ್ಸಿಲಿನ ಚಿತ್ರಗಳ ಸಮೇತ ಪ್ರಕಟವಾಯಿತು. ಎಂಟರಿಂದ ಹತ್ತು ವರ್ಷದವರು ತಮ್ಮ ಮಾತಿನಲ್ಲಿ ಅಷ್ಟು ಹೇಳಬಲ್ಲರಾದರೆ ನಮ್ಮ ಹದಿನಾಲ್ಕರ ಮಕ್ಕಳ ಬಾಯಿಗೆ ನಾವು ಬೀಗ ಹಾಕಬಾರದು.

ಅಳತೆ

ಒಂದು ದಪ್ಪ ರಟ್ಟಿನ, ಹೊಲಿಗೆ ಹಾಕಿದ ಪುಸ್ತಕ ಕೊಡಿಸಿ. ಬಿಡಿ ಹಾಳೆಗಳು ಬೇಡ. ಪೆನ್ನಿನಲ್ಲೇ ಬರೆಯಬೇಕು, ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಬೇಕು, ಹಾಳೆ ಹರಿಯಬಾರದು. ಪ್ರತಿ ಪುಟದ ಮೇಲೆ ದಿನಾಂಕ ಮತ್ತು ಸಮಯ ಇರಬೇಕು. ಇಷ್ಟು ಮಾತ್ರ ನಾನು ಕಟ್ಟುನಿಟ್ಟಾಗಿ ಹೇಳುವ ನಿಯಮ, ಉಳಿದದ್ದನ್ನು ಮಗುವಿನ ರೀತಿಗೆ ಬಿಡುತ್ತೇನೆ.

ಹೂಜಿಯ ಹುಡುಗಿ ಶಾಲೆಯ ಪ್ರಯೋಗಾಲಯದಿಂದ ನಾಲ್ಕು ಥರ್ಮಾಮೀಟರುಗಳನ್ನು ಎರವಲು ತಂದಳು: ಹೊಸ ಹೂಜಿಗೊಂದು, ಹಳೆಯದಕ್ಕೊಂದು, ಸ್ಟೀಲ್ ಕೊಡಪಾನಕ್ಕೊಂದು, ಕೋಣೆಯ ಗಾಳಿಗೊಂದು. ಅಳತೆ ಶುರುಮಾಡುವ ಮೊದಲು ನಾಲ್ಕನ್ನೂ ಒಂದೇ ಬಕೆಟ್ಟಿನ ನೀರಿನಲ್ಲಿ ಅದ್ದಿ ಹತ್ತು ನಿಮಿಷ ಬಿಟ್ಟು ಓದು ಎಂದೆ. ನಾಲ್ಕೂ ನಾಲ್ಕು ಸಂಖ್ಯೆ ತೋರಿಸಿದವು, ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ಒಂದು ಡಿಗ್ರಿಗಿಂತ ಹೆಚ್ಚು ಅಂತರವಿತ್ತು. "ಇವುಗಳಲ್ಲಿ ಯಾವುದು ಸರಿ ಸರ್?" ಎಂದು ಅವಳು ಕೇಳಿದ ಕ್ಷಣವನ್ನು ನಾನು ಇಡೀ ಆರು ತಿಂಗಳ ಅತ್ಯಂತ ಮುಖ್ಯ ಕ್ಷಣವೆಂದು ಎಣಿಸುತ್ತೇನೆ. ಉಪಕರಣ ಸುಳ್ಳು ಹೇಳಬಹುದು ಎಂಬುದು ಪಠ್ಯಪುಸ್ತಕದ ಲೆಕ್ಕಗಳಲ್ಲಿ ಎಲ್ಲಿಯೂ ಬರುವುದಿಲ್ಲ. ಪುಡಿಮಾಡಿದ ಮಂಜುಗಡ್ಡೆ ಕರಗುತ್ತಿರುವ ನೀರಿನಲ್ಲಿ ಒಂದೊಂದನ್ನೂ ಅದ್ದಿ, ಸೊನ್ನೆಯಿಂದ ಎಷ್ಟು ಸರಿದಿದೆ ಎಂದು ಬರೆದುಕೊಂಡಳು, ಒಂದೊಂದರ ಕುತ್ತಿಗೆಗೂ ಬೇರೆ ಬೇರೆ ಬಣ್ಣದ ದಾರ ಕಟ್ಟಿದಳು. ಕೊನೆಗೆ ನೀರಿಗೆಲ್ಲ ಕೆಂಪು ದಾರದ ಒಂದೇ ಥರ್ಮಾಮೀಟರನ್ನು ಬಳಸುವುದು ಉತ್ತಮ ಎಂಬ ತೀರ್ಮಾನಕ್ಕೆ ತಾನೇ ಬಂದಳು.

ಎರಡನೆಯ ಉಪಕರಣ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಒಂದು ಗ್ರಾಂವರೆಗೆ ತೋರಿಸುವ ತಕ್ಕಡಿ ಇದ್ದರೆ, ಮೂರು ಲೀಟರ್ ನೀರು ತುಂಬಿದ ಹೂಜಿಯನ್ನು ಎರಡು ಗಂಟೆಗೊಮ್ಮೆ ತೂಗಿ ಎಷ್ಟು ನೀರು ಆವಿಯಾಯಿತು ಎಂದು ನೇರವಾಗಿ ತಿಳಿಯಬಹುದು. ಇಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಮೂರು ಲೀಟರ್ ನೀರನ್ನು ಐದು ಡಿಗ್ರಿ ತಣಿಸಲು ಹದಿನೈದು ಸಾವಿರ ಕ್ಯಾಲೊರಿ ಶಾಖ ಹೊರಹೋಗಬೇಕು. ನಮ್ಮ ಕೋಣೆಯ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿಯನ್ನು ಒಯ್ಯುತ್ತದೆ. ಭಾಗಿಸಿದರೆ 26 ಗ್ರಾಂ, ಅಂದರೆ ಚಹಾ ಚಮಚದಲ್ಲಿ ಐದು ಚಮಚ ನೀರು. ಅವಳ ತಕ್ಕಡಿ ತೋರಿಸಿದ ನಷ್ಟ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿತ್ತು. ಲೆಕ್ಕ ತಪ್ಪಾಯಿತೆಂದು ಅವಳು ಎರಡು ದಿನ ಕೊರಗಿದಳು. ಲೆಕ್ಕ ಸರಿಯಾಗಿಯೇ ಇತ್ತು, ಬಿಟ್ಟುಹೋದದ್ದು ಕೋಣೆ. ಹೂಜಿ ತಣಿದಂತೆಲ್ಲ ಸುತ್ತಲಿನ ಬಿಸಿಗಾಳಿಯಿಂದ ಶಾಖ ಒಳಕ್ಕೆ ಹರಿಯುತ್ತಲೇ ಇರುತ್ತದೆ, ನೀರು ಒಮ್ಮೆ ತಣಿದ ಮೇಲೂ ಅದನ್ನು ತಣ್ಣಗೆ ಉಳಿಸಿಕೊಳ್ಳಲು ಹೂಜಿ ದಿನವಿಡೀ ದುಡಿಯುತ್ತಿರುತ್ತದೆ. ಇದನ್ನು ಅವಳಿಗೆ ವಿವರಿಸಿದವರು ಯಾರೂ ಇಲ್ಲ. ಸ್ಟೀಲ್ ಕೊಡಪಾನದಲ್ಲಿ ತಣ್ಣೀರು ತುಂಬಿಟ್ಟು ಅದು ಎಷ್ಟು ಬೇಗ ಬಿಸಿಯಾಗುತ್ತದೆ ಎಂದು ನೋಡಿದಾಗ ಅವಳಿಗೇ ಹೊಳೆಯಿತು.

ಹೋಲಿಕೆಗೆ ಏನನ್ನಿಡಬೇಕು ಎಂಬುದನ್ನು ಮಕ್ಕಳು ಮರೆಯುವುದು ಸಹಜ. ಹೊರಮೈಗೆ ಆಯಿಲ್ ಪೇಂಟ್ ಬಳಿದ ಒಂದು ಹೂಜಿ ರಂಧ್ರ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ತೋರಿಸುತ್ತದೆ. ಹೊಸದೊಂದು, ಹಳೆಯದೊಂದು ಎಂದು ಎರಡೇ ಹೂಜಿಗಳನ್ನಿಟ್ಟರೆ ವ್ಯತ್ಯಾಸ ವಯಸ್ಸಿನದೋ ಕುಂಬಾರರ ಕೈಯದೋ ತಿಳಿಯದು, ಆದ್ದರಿಂದ ಒಬ್ಬರೇ ಕುಂಬಾರರ ಒಂದೇ ಅಳತೆಯ ಹೂಜಿಗಳು ಕನಿಷ್ಠ ಮೂರು ಮೂರು ಬೇಕು. ಕಿಟಕಿಯ ಪಕ್ಕದ ಜಾಗಕ್ಕೆ ಗಾಳಿ ಹೆಚ್ಚು, ಹಾಗಾಗಿ ಯಾವ ಹೂಜಿ ಎಲ್ಲಿ ಕೂರಬೇಕೆಂದು ದಿನವೂ ಚೀಟಿ ಎತ್ತಿ ತೀರ್ಮಾನಿಸಬೇಕು. ಎಮಿಲಿಯ ನಾಣ್ಯ ಮಾಡಿದ ಕೆಲಸವನ್ನೇ ಇಲ್ಲಿ ಚೀಟಿ ಮಾಡುತ್ತದೆ.

ಮಾರ್ಗದರ್ಶಕರ ಕೈ ಎಲ್ಲಿರಬೇಕು

ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಸ್ಪರ್ಧೆಗೆ ಹತ್ತು ದಿನ ಉಳಿದಿರುವಾಗ, ಹುಡುಗನೊಬ್ಬನ ವರದಿ ಒರಟಾಗಿದೆ ಎಂದು ನಾನೇ ರಾತ್ರಿ ಕುಳಿತು ತಿದ್ದಿದೆ. ತಿದ್ದುತ್ತಾ ಹೋದವನು ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹೊಸದಾಗಿಯೇ ಬರೆದುಬಿಟ್ಟೆ. ವರದಿ ಚೆಂದವಾಯಿತು. ತೀರ್ಪುಗಾರರು ಅದರಲ್ಲಿದ್ದ ಒಂದು ಪದವನ್ನು ತೋರಿಸಿ ಇದರ ಅರ್ಥವೇನು ಎಂದು ಕೇಳಿದಾಗ ಹುಡುಗ ನನ್ನ ಮುಖ ನೋಡಿದ. ಬಹುಮಾನ ಹೋದದ್ದು ದೊಡ್ಡ ಮಾತಲ್ಲ. ಅವನು ಐದು ತಿಂಗಳು ನಿಜವಾಗಿಯೂ ಮಾಡಿದ್ದ ಕೆಲಸವೇ ಸುಳ್ಳೆಂಬಂತೆ ಕಾಣಲು ನಾನು ಕಾರಣನಾದೆ, ಆ ನೋಟವನ್ನು ನಾನು ಇಂದಿಗೂ ಮರೆತಿಲ್ಲ.

ಅಂದಿನಿಂದ ಕೆಲವು ಕ್ರಮಗಳನ್ನು ಇಟ್ಟುಕೊಂಡಿದ್ದೇನೆ. ವಾರಕ್ಕೊಂದು ಗಂಟೆಯ ಭೇಟಿಯಲ್ಲಿ ಮೊದಲ ಇಪ್ಪತ್ತು ನಿಮಿಷ ಮಗುವೇ ಮಾತಾಡಬೇಕು, ನಾನು ಬಾಯಿ ತೆರೆಯುವುದಿಲ್ಲ. ವರದಿಯ ಮೇಲೆ ನಾನು ಪ್ರಶ್ನೆಗಳನ್ನು ಮಾತ್ರ ಬರೆಯುತ್ತೇನೆ, ವಾಕ್ಯಗಳನ್ನು ಬರೆಯುವುದಿಲ್ಲ. "ಈ ಸಂಖ್ಯೆ ಎಲ್ಲಿಂದ ಬಂತು?", "ಇದನ್ನು ನಂಬದವರಿಗೆ ಏನು ಹೇಳುತ್ತೀ?" ಎಂಬಂಥವು. ಗ್ರಾಫನ್ನು ಮೊದಲು ಗ್ರಾಫ್ ಹಾಳೆಯ ಮೇಲೆ ಕೈಯಲ್ಲೇ ಎಳೆಯಬೇಕು, ಕಂಪ್ಯೂಟರ್ ಆಮೇಲೆ. ಚಾಟ್‌ಜಿಪಿಟಿಯಂಥ ಸಾಧನಗಳನ್ನು ಬಳಸಿದರೆ ಯಾವುದಕ್ಕೆ ಬಳಸಿದೆ ಎಂದು ಪುಸ್ತಕದಲ್ಲಿ ಆ ದಿನವೇ ಬರೆಯಬೇಕು. ಪದದ ಅರ್ಥ ಕೇಳಲು, ಲೆಕ್ಕದ ಹೆಜ್ಜೆ ತಿಳಿಯಲು ಅಡ್ಡಿಯಿಲ್ಲ, ವರದಿಯನ್ನು ಅದರಿಂದ ಬರೆಸುವುದು ಅಂದು ರಾತ್ರಿ ನಾನು ಮಾಡಿದ ತಪ್ಪಿಗೇ ಸಮ.

ಫಲಿತಾಂಶ ಬರದ ದಿನಗಳಲ್ಲಿ ನಿಮ್ಮ ಅಗತ್ಯ ಹೆಚ್ಚು. ಹೂಜಿಯ ಹುಡುಗಿಗೆ ಮೊದಲ ತಿಂಗಳು ಹೊಸ ಮತ್ತು ಹಳೆಯ ಹೂಜಿಗಳ ನಡುವೆ ಕಂಡ ವ್ಯತ್ಯಾಸ ಥರ್ಮಾಮೀಟರಿನ ತಪ್ಪಿಗಿಂತಲೂ ಚಿಕ್ಕದಾಗಿತ್ತು. ಅದು ಮಳೆಗಾಲ, ಗಾಳಿಯೆಲ್ಲ ತೇವ. "ಅಜ್ಜಿ ಹೇಳಿದ್ದು ತಪ್ಪು" ಎಂದು ಬರೆದು ಮುಗಿಸಲು ಹೊರಟಿದ್ದಳು. ವ್ಯತ್ಯಾಸ ಇಲ್ಲ ಎನ್ನುವುದಕ್ಕೂ ವ್ಯತ್ಯಾಸ ನನಗೆ ಕಾಣಲಿಲ್ಲ ಎನ್ನುವುದಕ್ಕೂ ಇರುವ ಅಂತರವನ್ನು ಒಂದು ಇಡೀ ಭೇಟಿಯಲ್ಲಿ ಚರ್ಚಿಸಿದೆವು. ಡಿಸೆಂಬರ್‌ವರೆಗೆ ಅಳೆಯೋಣ, ಮಳೆ ನಿಂತ ಮೇಲಿನ ಒಣ ದಿನಗಳನ್ನು ಬೇರೆಯಾಗಿ ನೋಡೋಣ ಎಂಬ ಯೋಜನೆ ಅವಳದೇ.

ಸುರಕ್ಷತೆ ಮತ್ತು ಅನುಮತಿ

ಇದನ್ನು ಕೆಲಸ ಆರಂಭವಾಗುವ ಮೊದಲೇ ಮುಗಿಸಬೇಕು. ಶಾಲಾ ಮಕ್ಕಳ ಅಂತರರಾಷ್ಟ್ರೀಯ ವಿಜ್ಞಾನ ಮೇಳವಾದ ಐಸೆಫ್‌ನ ನಿಯಮಗಳನ್ನು, ಅಲ್ಲಿಗೆ ಹೋಗುವ ಉದ್ದೇಶ ಇಲ್ಲದಿದ್ದರೂ, ಒಮ್ಮೆ ಓದಿ. ಮನುಷ್ಯರನ್ನು ಒಳಗೊಂಡ ಅಧ್ಯಯನಕ್ಕೆ, ಕಶೇರುಕ ಪ್ರಾಣಿಗಳಿಗೆ, ಅಪಾಯದ ಸಾಧ್ಯತೆಯಿರುವ ಸೂಕ್ಷ್ಮಜೀವಿಗಳಿಗೆ ಪ್ರಯೋಗದ ಮೊದಲೇ ಸಮಿತಿಯ ಒಪ್ಪಿಗೆ ಬೇಕು ಎಂದು ಅವು ಹೇಳುತ್ತವೆ. ಮನೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವಂತಿಲ್ಲ. "ಮೊಬೈಲಿನ ಮೇಲೆ ಎಷ್ಟು ಕ್ರಿಮಿಗಳಿವೆ" ಎಂದು ಅಡುಗೆಮನೆಯಲ್ಲಿ ಅಗರ್ ತಟ್ಟೆ ಇಡುವ ಯೋಜನೆಗಳು ನಮ್ಮಲ್ಲಿ ಬಹಳ. ತಟ್ಟೆಯ ಮೇಲೆ ಬೆಳೆದದ್ದು ಏನೆಂದು ಯಾರಿಗೂ ಗೊತ್ತಿರುವುದಿಲ್ಲ, ಹಾಗಾಗಿ ಅದನ್ನು ಸೂಕ್ತ ಸೌಲಭ್ಯವಿರುವ ಕಾಲೇಜಿನ ಪ್ರಯೋಗಾಲಯದಲ್ಲಿ ಮೇಲ್ವಿಚಾರಣೆಯಡಿ ಮಾತ್ರ ಮಾಡಿಸಿ. ಊರಿನವರ ಆರೋಗ್ಯ, ಆದಾಯ, ಕುಡಿತದ ಬಗ್ಗೆ ಪ್ರಶ್ನಾವಳಿ ಹಿಡಿದು ಮಕ್ಕಳನ್ನು ಮನೆಮನೆಗೆ ಕಳುಹಿಸಬೇಡಿ. ಕೇಳಬಹುದಾದ ಪ್ರಶ್ನೆಗಳಿಗೂ ಉತ್ತರಿಸುವವರ ಲಿಖಿತ ಒಪ್ಪಿಗೆ ಪಡೆಯಿರಿ, ಹೆಸರು ದಾಖಲಿಸಬೇಡಿ. ಕಾಡಿನಂಚಿನ ಊರುಗಳಲ್ಲಿ ಚಿಟ್ಟೆ, ಕಪ್ಪೆ, ಹಾವುಗಳನ್ನು ಹಿಡಿದು ತರುವ ಉತ್ಸಾಹವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮಾತು ಹೇಳಿ ಛಾಯಾಚಿತ್ರದತ್ತ ತಿರುಗಿಸಿ.

ಮಗುವಿನ ಸುರಕ್ಷತೆ ನಿಮ್ಮ ನಡವಳಿಕೆಯಲ್ಲೂ ಕಾಣಬೇಕು. ಭೇಟಿ ಶಾಲೆಯಲ್ಲೋ ಗ್ರಂಥಾಲಯದಲ್ಲೋ, ಬಾಗಿಲು ತೆರೆದಿರುವ ಕೋಣೆಯಲ್ಲಿ ನಡೆಯಲಿ. ವಾಟ್ಸ್‌ಆ್ಯಪ್ ಸಂದೇಶಗಳು ತಂದೆಯೋ ತಾಯಿಯೋ ಇರುವ ಗುಂಪಿನಲ್ಲೇ ಹೋಗಲಿ. ದೂರದಿಂದ ವಿಡಿಯೋ ಕರೆಯಲ್ಲಿ ಮಾರ್ಗದರ್ಶನ ಮಾಡುವ ಯುವ ಸಂಶೋಧಕರಿಗೆ ಇದನ್ನು ಒತ್ತಿ ಹೇಳಬೇಕಾಗುತ್ತದೆ, ಏಕೆಂದರೆ ಅವರಿಗೆ ಇದು ಅತಿಯೆನ್ನಿಸುತ್ತದೆ. ಇದು ಅತಿಯಲ್ಲ.

ಕೆಲಸವನ್ನು ಎಲ್ಲಿ ತೋರಿಸುವುದು

ಕನ್ನಡದಲ್ಲಿ ಕೆಲಸ ಮಾಡಿದ ಮಗುವಿಗೆ ಮೊದಲ ವೇದಿಕೆಯಾಗಿ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವನ್ನೇ ನಾನು ಸೂಚಿಸುತ್ತೇನೆ. 1993ರಿಂದ ನಡೆಯುತ್ತಿರುವ ಅದು 10ರಿಂದ 17 ವರ್ಷದ ಮಕ್ಕಳಿಗೆ ತೆರೆದಿದೆ, ಸ್ಥಳೀಯ ಸಮಸ್ಯೆಗಳಿಗೆ ಒತ್ತು ಕೊಡುತ್ತದೆ, ತಮ್ಮ ಭಾಷೆಯಲ್ಲೇ ಮಂಡಿಸಲು ಅವಕಾಶವಿದೆ. ಅದರ ಮುಖ್ಯ ವಿಷಯಕ್ಕೆ ಹೊಂದುವಂತೆ ಮಗುವಿನ ಪ್ರಶ್ನೆಯನ್ನು ಬಲವಂತವಾಗಿ ತಿರುಚಬೇಡಿ. ಹೊಂದದಿದ್ದರೆ ಬೇರೆ ವೇದಿಕೆ ಹುಡುಕಿ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ಕಲ್ಪನೆಗೆ 10,000 ರೂಪಾಯಿ ಮಗುವಿನ ಖಾತೆಗೇ ಬರುತ್ತದೆ. ಆದರೆ ಅಲ್ಲಿ ಹುಡುಕುವುದು ಹೊಸ ಸಾಧನವನ್ನು, ಹೂಜಿಯ ಹುಡುಗಿಯಂಥವರಿಗೆ ಅದು ಅಷ್ಟಾಗಿ ಒಗ್ಗದು. ಒಂಬತ್ತರಿಂದ ಹನ್ನೆರಡನೆಯ ತರಗತಿಯವರು ಐರಿಸ್ ರಾಷ್ಟ್ರೀಯ ಮೇಳದ ಮೂಲಕ ಐಸೆಫ್‌ವರೆಗೂ ಹೋಗಬಹುದು. ಬರಹವಾಗಿ ಪ್ರಕಟಿಸುವ ಮನಸ್ಸಿದ್ದರೆ, 2011ರಲ್ಲಿ ಹಾರ್ವರ್ಡ್‌ನ ಸಂಶೋಧನಾ ವಿದ್ಯಾರ್ಥಿಗಳು ಆರಂಭಿಸಿದ 'ಜರ್ನಲ್ ಆಫ್ ಎಮರ್ಜಿಂಗ್ ಇನ್ವೆಸ್ಟಿಗೇಟರ್ಸ್' ಶಾಲಾ ಮಕ್ಕಳ ಲೇಖನಗಳನ್ನೇ ಪ್ರಕಟಿಸುತ್ತದೆ. ಅಲ್ಲಿನ ವಿಮರ್ಶಕರು ಬರೆದು ಕಳುಹಿಸುವ ಸಲಹೆಗಳೇ ಒಂದು ಪಾಠ.

ಇದರ ಪಕ್ಕದಲ್ಲೇ ಒಂದು ವ್ಯಾಪಾರವೂ ಬೆಳೆದಿದೆ. ವಿದೇಶದ ಕಾಲೇಜಿಗೆ ಅರ್ಜಿ ಹಾಕುವ ಮಕ್ಕಳಿಗೆ ಲಕ್ಷಗಟ್ಟಲೆ ಹಣ ಪಡೆದು ಎಂಟು ವಾರಗಳಲ್ಲಿ 'ಸಂಶೋಧನಾ ಲೇಖನ' ಕೈಗೆ ಕೊಡುತ್ತೇವೆ ಎನ್ನುವವರು, ಶುಲ್ಕ ಕಟ್ಟಿದರೆ ವಾರದೊಳಗೆ ಏನನ್ನಾದರೂ ಅಚ್ಚುಹಾಕುವ ನಿಯತಕಾಲಿಕಗಳು. ಹಣ ಪಡೆದು ಕಲಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಲೇಖನ ಪ್ರಕಟವಾಗುವ ಭರವಸೆಯನ್ನು ಮೊದಲೇ ಕೊಡುವವರಿಂದ ಮಾತ್ರ ದೂರವಿರಿ, ಯಾಕೆಂದರೆ ಫಲಿತಾಂಶ ಏನೆಂದು ಗೊತ್ತಾಗುವ ಮೊದಲೇ ಪ್ರಾಮಾಣಿಕ ಪತ್ರಿಕೆ ಯಾರಿಗೂ ಮಾತು ಕೊಡುವುದಿಲ್ಲ. ಲೇಖನದಲ್ಲಿ ಯಾರ ಹೆಸರಿರಬೇಕು ಎಂಬುದನ್ನೂ ಆರಂಭದಲ್ಲೇ ಮಾತಾಡಿಕೊಳ್ಳಿ. ಥರ್ಮಾಮೀಟರ್ ಕೊಟ್ಟವರಿಗೆ ಕೃತಜ್ಞತೆ ಸಾಕು, ಮುಖ್ಯೋಪಾಧ್ಯಾಯರ ಹೆಸರು ಲೇಖಕರ ಸಾಲಿನಲ್ಲಿ ಬರಬೇಕಾಗಿಲ್ಲ, ಅಳತೆ ಮಾಡಿಕೊಟ್ಟ ಗೆಳತಿಯ ಹೆಸರು ಬರಲೇಬೇಕು.

ಮುಗಿದ ಮೇಲೆ

ಜನವರಿಯಲ್ಲಿ ಮಗುವನ್ನು ಪರೀಕ್ಷೆಗೆ ಬಿಟ್ಟುಕೊಡುವ ಮೊದಲು ಒಂದು ಕೊನೆಯ ಭೇಟಿ ಇಟ್ಟುಕೊಳ್ಳಿ. ಮೂಲ ಪುಸ್ತಕ ಮಗುವಿನದು, ಅದನ್ನು ನೀವಾಗಲಿ ಶಾಲೆಯಾಗಲಿ ಇಟ್ಟುಕೊಳ್ಳಬಾರದು. ಪುಟಗಳನ್ನೆಲ್ಲ ಫೋಟೊ ತೆಗೆದು ಒಂದು ಪ್ರತಿ ಶಾಲೆಯ ಕಂಪ್ಯೂಟರಿನಲ್ಲಿ, ಒಂದು ನಿಮ್ಮ ಬಳಿ ಇರಲಿ. ಮುಂದೆ ಶಿಫಾರಸು ಪತ್ರ ಕೇಳಿಕೊಂಡು ಬರುತ್ತದೆ ಎಂದು ತಿಳಿದು, ನೆನಪು ಹಸಿಯಾಗಿರುವಾಗಲೇ ಅರ್ಧ ಪುಟ ಬರೆದಿಡಿ: ಯಾವ ದಿನ ಯಾವ ತೊಡಕು ಬಂತು, ಮಗು ಅದನ್ನು ಹೇಗೆ ಬಿಡಿಸಿತು. "ಬುದ್ಧಿವಂತೆ, ಪರಿಶ್ರಮಿ" ಎಂಬ ಪದಗಳಿಗಿಂತ, ನಾಲ್ಕು ಥರ್ಮಾಮೀಟರುಗಳು ನಾಲ್ಕು ಉತ್ತರ ಕೊಟ್ಟಾಗ ಇವಳು ಏನು ಮಾಡಿದಳು ಎಂಬ ನಾಲ್ಕು ಸಾಲು ಓದುವವರಿಗೆ ಹೆಚ್ಚು ತಿಳಿಸುತ್ತದೆ.

ಆ ಹುಡುಗಿಯ ಆರು ಹೂಜಿಗಳು ಈಗಲೂ ಶಾಲೆಯ ಪ್ರಯೋಗಾಲಯದ ಕಿಟಕಿಯ ಬಳಿ ಇವೆ. ಪ್ರತಿಯೊಂದರ ಮೇಲೂ ಅವಳು ಸೀಮೆಸುಣ್ಣದಲ್ಲಿ ಬರೆದ ಸಂಖ್ಯೆ ಮತ್ತು ಕೊಂಡ ತಿಂಗಳು ಇದೆ. ಬೋರ್‌ವೆಲ್ ನೀರು ತುಂಬಿದ ಹೂಜಿಯ ಹೊರಮೈ ಮೇಲೆ ಬಿಳಿಯ ಪದರ ಕಟ್ಟಿದೆ, ಬಾವಿಯ ನೀರಿನದರ ಮೇಲೆ ಕಟ್ಟಿಲ್ಲ ಎಂಬುದನ್ನು ಗಮನಿಸಿದ ಎಂಟನೆಯ ತರಗತಿಯ ಇಬ್ಬರು ಈ ವರ್ಷ ತಕ್ಕಡಿ ಕೇಳಿಕೊಂಡು ಬಂದಿದ್ದಾರೆ. ಅವರಿಗೆ ಮೊದಲ ಎರಡು ವಾರ ಹಲ್ಲಿ ಎಣಿಸಲು ಹೇಳಿದ್ದೇನೆ.